ಅಪ್‌ಗ್ರೇಡ್ ಅರ್ಧಕ್ಕೆ ನಿಂತು ವಿಂಡೋಸ್ ಏಳ್ತಾ ಇಲ್ವಾ? ಫೈಲ್ ಕಳೆದುಕೊಳ್ಳದೆ ಎಬ್ಬಿಸುವ ಸಮಗ್ರ ಮಾರ್ಗದರ್ಶಿ

ಅಕ್ಕನ ಮನೆಯಿಂದ ಫೋನ್ ಬಂದಾಗ ರಾತ್ರಿ ಹತ್ತೂವರೆ. ಭಾವ ಡಿಟಿಪಿ ಕೆಲಸ ಮಾಡುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲ ಅವರ ಒಂದೇ ಡೆಸ್ಕ್‌ಟಾಪ್‌ನಲ್ಲಿ. ಅದರಲ್ಲಿ ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ನಡೆಯುತ್ತಿತ್ತು. 61 ಪರ್ಸೆಂಟ್ ಆಗಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಎರಡು ನಿಮಿಷವೂ ತಡೆಯಲಿಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಲೋಗೊ ಬರುತ್ತದೆ, ಚುಕ್ಕೆಗಳು ಸುತ್ತುತ್ತವೆ, ಪರದೆ ಕಪ್ಪಾಗುತ್ತದೆ, ಮತ್ತೆ ಲೋಗೊ. ಪರಿಚಯದವರೊಬ್ಬರು "ಫಾರ್ಮ್ಯಾಟ್ ಹೊಡೆದುಬಿಡಿ, ಅರ್ಧ ಗಂಟೆ ಕೆಲಸ" ಅಂದಿದ್ದರಂತೆ. ಭಾವ ವಿಂಡೋಸ್ ಪೆನ್‌ಡ್ರೈವ್ ಹಿಡಿದು ಕೂತಿದ್ದರು. ಒಳಗೆ ಹನ್ನೆರಡು ವರ್ಷದ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲುಗಳಿದ್ದವು, ಬ್ಯಾಕಪ್ ಇರಲಿಲ್ಲ.

ಮೊದಲು ಪೆನ್‌ಡ್ರೈವ್ ಕೆಳಗಿಡಿ ಅಂದೆ. ವಿಂಡೋಸ್ ಏಳದಿದ್ದರೆ ಫೈಲ್ ಹೋದವು ಅಂತ ಅಲ್ಲ. ಮನೆ ಬಾಗಿಲಿನ ಬೀಗ ಕೆಟ್ಟಿದೆ, ಒಳಗಿನ ಸಾಮಾನು ಒಳಗೇ ಇದೆ. ಬೀಗ ಕೆಟ್ಟಿತು ಅಂತ ಮನೆಗೆ ಬೆಂಕಿ ಇಡುವುದೇ ಫಾರ್ಮ್ಯಾಟ್. ಕೆಳಗಿನ ಕ್ರಮ ಇಟ್ಟುಕೊಂಡಿರುವುದೂ ಹಾಗೇ. ಏನೂ ಅಳಿಸದ ಉಪಾಯಗಳು ಮೊದಲು, ಅಳಿಸುವಂಥವು ಕೊನೆಗೆ. ದಯವಿಟ್ಟು ಮಧ್ಯದಲ್ಲಿ ಹಾರಬೇಡಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಾಗಾಗಿ ಹಳೇ ಯಂತ್ರಗಳಲ್ಲೂ 11 ಹಾಕುವವರು ಜಾಸ್ತಿಯಾಗಿದ್ದಾರೆ. ಈ ಬರಹ ಆ ಅಪ್‌ಗ್ರೇಡ್ ಬಗ್ಗೆಯೇ.

ಒಳಗೆ ನಡೆಯುವುದೇನು

ಇದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಅಪ್‌ಗ್ರೇಡ್ ನಾಲ್ಕು ಹಂತದಲ್ಲಿ ಆಗುತ್ತದೆ. ಮೊದಲನೆಯದು ಹಳೇ ವಿಂಡೋಸ್ ಓಡುತ್ತಿರುವಾಗಲೇ ಫೈಲ್ ಇಳಿಸಿ ಜೋಡಿಸುವುದು. ಎರಡನೆಯದು ರೀಸ್ಟಾರ್ಟ್ ಆಗಿ, ಒಂದು ಪುಟ್ಟ ತಾತ್ಕಾಲಿಕ ವಿಂಡೋಸ್ ಒಳಗಿಂದ ಹೊಸದನ್ನು ಇಡುವುದು. ಹಳೆಯದನ್ನು ಆಗ ಅಳಿಸುವುದಿಲ್ಲ, 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಫೋಲ್ಡರಿಗೆ ಸರಿಸಿಡುತ್ತದೆ. ಮೂರನೆಯದು ಹೊಸ ವಿಂಡೋಸ್ ಮೊದಲ ಸಲ ಎದ್ದು ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನೂ ನಡೆಸುವ ಪುಟ್ಟ ಪ್ರೋಗ್ರಾಮ್) ಹೊಂದಿಸಿಕೊಳ್ಳುವುದು. ನಾಲ್ಕನೆಯದು ನಿಮ್ಮ ಖಾತೆ, ಸೆಟ್ಟಿಂಗ್ ತಂದು ಕೂರಿಸುವುದು.

ಎರಡರಿಂದ ನಾಲ್ಕರ ನಡುವೆ ಎಡವಿದರೆ ಅದು ತಾನೇ ಹಿಂದಕ್ಕೆ ಹೋಗಿ ವಿಂಡೋಸ್ 10 ತರಲು ನೋಡುತ್ತದೆ. ಕೊನೆಗೆ ಸಿ1900101 ಅನ್ನೋ ನಂಬರು ಕಂಡರೆ, ಬಹುಮಟ್ಟಿಗೆ ಯಾವುದೋ ಡ್ರೈವರ್ ತಕರಾರು ಅಂತ ಅರ್ಥ. ಈ ವಾಪಸಾತಿಯೂ ಅರ್ಧಕ್ಕೆ ನಿಂತರೆ ಆಗ ಯಂತ್ರ ಏಳುವುದಿಲ್ಲ.

ಹೆಜ್ಜೆ 1: ನಿಂತಿದೆಯೋ, ನಿಧಾನವೋ?

ಹಳೇ ಹಾರ್ಡ್ ಡಿಸ್ಕ್ ಇದ್ದರೆ ಒಂದೇ ಪರ್ಸೆಂಟಿನಲ್ಲಿ ಗಂಟೆಗಟ್ಟಲೆ ಕೂರುವುದು ಮಾಮೂಲು. ಕಂಪ್ಯೂಟರಿನ ಡಿಸ್ಕ್ ದೀಪ ನೋಡಿ. ಆಗಾಗ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ, ಕೈ ಹಾಕಬೇಡಿ. ದೀಪವೇ ಇಲ್ಲದ ಲ್ಯಾಪ್‌ಟಾಪ್ ಆದರೆ ತಳಕ್ಕೆ ಕೈ ಇಟ್ಟು ನೋಡಿ, ಬಿಸಿ ಮತ್ತು ಫ್ಯಾನ್ ಸದ್ದು ಸುಳಿವು ಕೊಡುತ್ತವೆ. ನಾನಾದರೆ ಮೂರ್ನಾಲ್ಕು ಗಂಟೆ ಬಿಡುತ್ತೇನೆ. ರಾತ್ರಿಯಾದರೆ ಚಾರ್ಜರ್ ಹಾಕಿ ಬೆಳಗಿನವರೆಗೂ ಬಿಡುತ್ತೇನೆ. ಎಷ್ಟೋ ಯಂತ್ರಗಳು ಕೆಡುವುದು ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿದಾಗಲೇ.

ಪರದೆ ಕಪ್ಪಗಿದ್ದು ಮೌಸ್ ಬಾಣ ಮಾತ್ರ ಕಾಣುತ್ತಿದ್ದರೆ, ವಿಂಡೋಸ್ ಎದ್ದಿದೆ, ಚಿತ್ರ ಮಾತ್ರ ಬಂದಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗಲಿಲ್ಲವಾ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ಬರುತ್ತದಾ ನೋಡಿ. ಬಂದರೆ ಅಲ್ಲಿಂದ 'ರನ್ ನ್ಯೂ ಟಾಸ್ಕ್'ಗೆ ಹೋಗಿ ಎಕ್ಸ್‌ಪ್ಲೋರರ್ ಅಂತ ಟೈಪ್ ಮಾಡಿದರೆ ಡೆಸ್ಕ್‌ಟಾಪ್ ಬರಬಹುದು.

ಹೆಜ್ಜೆ 2: ಎಲ್ಲ ಕಿತ್ತು ಒಂದು ಸಲ ನೋಡಿ

ಪೆನ್‌ಡ್ರೈವ್, ಪ್ರಿಂಟರ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್, ಡಾಂಗಲ್ ಎಲ್ಲ ತೆಗೆಯಿರಿ. ಕೀಬೋರ್ಡ್ ಮತ್ತು ಮೌಸ್ ಸಾಕು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಪೂರ್ತಿ ಆಫ್ ಮಾಡಿ. ವೈರ್ ಕಿತ್ತು, ಮತ್ತೆ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಹಾಕಿ ನೋಡಿ. ಸುಮ್ನೆ ಅನ್ನಿಸಬಹುದು, ಆದರೆ ವಿಂಡೋಸ್ ಇಲ್ಲದ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಲು, ಅಂದರೆ ಏಳಲು, ಹೋಗಿ ನಿಂತ ಯಂತ್ರಗಳನ್ನು ನಾನೇ ನೋಡಿದ್ದೇನೆ.

ಹೆಜ್ಜೆ 3: ಬಯೋಸ್‌ನಲ್ಲಿ ಏನಾದರೂ ಬದಲಿಸಿದ್ರಾ?

ಬಯೋಸ್ ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಶುರುಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ 11ಕ್ಕೆ ಹೋಗುವಾಗ ಆಗುವ ದೊಡ್ಡ ತೊಂದರೆ ಇಲ್ಲೇ ಹುಟ್ಟುತ್ತದೆ. ವಿಂಡೋಸ್ 11ಕ್ಕೆ ಯುಇಎಫ್‌ಐ (ಬಯೋಸ್‌ನ ಹೊಸ ರೀತಿ, ಹಳೆಯದಕ್ಕೆ 'ಲೆಗಸಿ' ಅಂತಾರೆ), ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಏಳಲು ಬಿಡುವ ಕಾವಲು), ಟಿಪಿಎಂ 2.0 (ಭದ್ರತೆಯ ಚಿಪ್), 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಪರೀಕ್ಷೆಯಲ್ಲಿ 'ಸೆಕ್ಯೂರ್ ಬೂಟ್ ಇಲ್ಲ' ಅಂತ ಬಂದ ಕೂಡಲೇ ಬಹಳ ಜನ ಬಯೋಸ್‌ಗೆ ಹೋಗಿ 'ಲೆಗಸಿ' ಇದ್ದದ್ದನ್ನು 'ಯುಇಎಫ್‌ಐ' ಮಾಡುತ್ತಾರೆ. ಆದರೆ ಅವರ ಡಿಸ್ಕಿನ ಭಾಗಗಳ ಪಟ್ಟಿ ಹಳೇ ಎಂಬಿಆರ್ ಪದ್ಧತಿಯಲ್ಲಿರುತ್ತದೆ. ಯುಇಎಫ್‌ಐಗೆ ವಿಂಡೋಸ್ ಏಳಿಸಲು ಜಿಪಿಟಿ ಪದ್ಧತಿಯ ಡಿಸ್ಕ್ ಬೇಕು. ಅಲ್ಲಿಗೆ 'ಬೂಟ್ ಡಿವೈಸ್ ಇಲ್ಲ' ಅನ್ನುತ್ತದೆ, ನಮಗೆ ಡಿಸ್ಕೇ ಹೋಯಿತು ಅನ್ನಿಸುತ್ತದೆ. ಮತ್ತೆ ಲೆಗಸಿ ಮಾಡಿ, ಸೇವ್ ಮಾಡಿ, ಹೊರಬನ್ನಿ. ವಿಂಡೋಸ್ 10 ಏನೂ ಆಗದ ಹಾಗೆ ಏಳುತ್ತದೆ. ಎದ್ದ ಮೇಲೆ, ಬ್ಯಾಕಪ್ ತೆಗೆದುಕೊಂಡು, ವಿಂಡೋಸ್ ಜೊತೆಗೇ ಬರುವ ಎಂಬಿಆರ್-ಟು-ಜಿಪಿಟಿ ಸಲಕರಣೆಯಿಂದ ಡಿಸ್ಕ್ ಬದಲಾಯಿಸಿ, ಆಮೇಲೆ ಯುಇಎಫ್‌ಐ ಮಾಡಬೇಕು. ಈ ಕ್ರಮ ತಪ್ಪಬಾರದು.

ಬಯೋಸ್ ತೆರೆಯಲು ಆನ್ ಮಾಡಿದ ಕೂಡಲೇ ಕೀ ತಟ್ಟುತ್ತಿರಬೇಕು. ಡೆಲ್, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್. ಒಳಗೆ ಮೂರು ವಿಷಯ ನೋಡಿ.

ಮೊದಲು, ನಿಮ್ಮ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಇದೆಯಾ? ಇಲ್ಲದಿದ್ದರೆ ಅದು ಅಪ್‌ಗ್ರೇಡ್ ಸಮಸ್ಯೆಯಲ್ಲ, ಕೇಬಲ್ ಅಥವಾ ಡಿಸ್ಕಿನದು. ಆಮೇಲೆ ಬೂಟ್ ಪಟ್ಟಿಯ ತುದಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಇದೆಯಾ ನೋಡಿ. ಲೆಗಸಿ ಯಂತ್ರದಲ್ಲಾದರೆ ಅಲ್ಲಿ ಡಿಸ್ಕಿನ ಹೆಸರೇ ಇರುತ್ತದೆ. ಮೂರನೆಯದು ಸಾಟಾ ಮೋಡ್, ಅಂದರೆ ಯಂತ್ರ ಡಿಸ್ಕಿನ ಜೊತೆ ಮಾತಾಡುವ ರೀತಿ. ರೇಡ್, ಎಎಚ್‌ಸಿಐ ಅಂಥ ಎರಡು ರೀತಿಗಳು. ಮೊದಲು ರೇಡ್ ಇದ್ದದ್ದು ಈಗ ಎಎಚ್‌ಸಿಐ ಆಗಿದ್ದರೆ, ಅಥವಾ ಉಲ್ಟಾ ಆಗಿದ್ದರೆ, 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಅನ್ನೋ ನೀಲಿ ಪರದೆ ಬರುತ್ತದೆ. ಮೊದಲಿದ್ದಂತೆ ಮಾಡಿದರೆ ಸರಿಹೋಗುತ್ತದೆ. ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಆಗ ಬಯೋಸ್ ಸೆಟ್ಟಿಂಗ್ ತಾನೇ ಬದಲಾಗಿರಬಹುದು. ಭಾವನ ಬಯೋಸ್‌ನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಇನ್ನೊಂದು ಮಾತು. ಬಹಳ ಹಳೇ ಯಂತ್ರಕ್ಕೆ ಟಿಪಿಎಂ ಪರೀಕ್ಷೆ ತಪ್ಪಿಸಿ 11 ಹಾಕಿದವರು ಗಮನಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಸ್‌ಇ 4.2 ಅನ್ನೋ ಆಜ್ಞೆಗಳ ಗುಂಪು ಇಲ್ಲದ ಪ್ರೊಸೆಸರ್‌ನಲ್ಲಿ ಏಳುವುದೇ ಇಲ್ಲ. ಕೋರ್ 2 ಡ್ಯುಯೊ ಕಾಲದ ಯಂತ್ರಗಳು ಈ ಗುಂಪಿಗೆ ಸೇರುತ್ತವೆ. ಅದಕ್ಕೆ ರಿಪೇರಿ ಇಲ್ಲ, ಹಿಂದಿನದಕ್ಕೆ ಮರಳಬೇಕಷ್ಟೆ.

ಹೆಜ್ಜೆ 4: ರಿಕವರಿ ಪರದೆಗೆ ಹೋಗುವುದು

ಮುಂದಿನದ್ದೆಲ್ಲ ನಡೆಯುವುದು ವಿಂಡೋಸ್‌ನ ನೀಲಿ ರಿಕವರಿ ಪರದೆಯಲ್ಲಿ. ಯಂತ್ರ ಆನ್ ಮಾಡಿ, ಚುಕ್ಕೆಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಫ್ ಮಾಡಿ. ಹೀಗೆ ಎರಡು ಮೂರು ಸಲ. ಆಮೇಲೆ ಅದು ತಾನೇ 'ಆಟೊಮ್ಯಾಟಿಕ್ ರಿಪೇರಿ'ಗೆ ಹೋಗುತ್ತದೆ. ಅಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಆರಿಸಿ, ಆಮೇಲೆ 'ಟ್ರಬಲ್‌ಶೂಟ್'. ಪರದೆಯಲ್ಲಿ ಪರ್ಸೆಂಟ್ ಏರುತ್ತಿರುವಾಗ ಮಾತ್ರ ಹೀಗೆ ಆಫ್ ಮಾಡಬೇಡಿ.

ರಿಕವರಿ ಪರದೆ ಬರಲೇ ಇಲ್ಲವಾ? ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿಯ ಖಾಲಿ ಪೆನ್‌ಡ್ರೈವ್ ತಯಾರಿಸಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಯುತ್ತದೆ, ಅದಕ್ಕೇ ಖಾಲಿ ಅಂದದ್ದು. ಅದರಿಂದ ಬೂಟ್ ಮಾಡಿ. ಬೂಟ್ ಮೆನು ಕೀ ಡೆಲ್, ಲೆನೊವೊ, ಏಸರ್‌ಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. 'ಇನ್‌ಸ್ಟಾಲ್' ಒತ್ತಬೇಡಿ, 'ರಿಪೇರ್' ಅಂತ ಇರುವುದನ್ನು ಆರಿಸಿ. ಅದೇ ನೀಲಿ ಪರದೆ ಬರುತ್ತದೆ.

ಇಲ್ಲಿ ಕೆಲವರಿಗೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಬಿಟ್‌ಲಾಕರ್ ಅಂದರೆ ವಿಂಡೋಸ್‌ನ ಡಿಸ್ಕ್ ಬೀಗ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಕೀ ಇಲ್ಲದೆ ಓದಲಾಗದು ಅಂತ ಅರ್ಥ. ಗಾಬರಿ ಬೇಡ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ ರಿಕವರಿ ಕೀ ಹುಡುಕಿ. ಹಲವು ಕೀ ಇದ್ದರೆ, ಕಂಪ್ಯೂಟರ್ ಪರದೆಯಲ್ಲಿರುವ 'ಕೀ ಐಡಿ'ಯ ಮೊದಲ 8 ಅಕ್ಷರಕ್ಕೆ ಹೊಂದುವುದೇ ನಿಮ್ಮದು. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಆಫೀಸಿನ ಐಟಿ ವಿಭಾಗದ ಹತ್ತಿರ ಇರುತ್ತದೆ. ಈ ಕೀ ಸಿಗದೆ ಒಳಗಿನ ಫೈಲ್ ಯಾರಿಂದಲೂ ತೆಗೆಯಲಾಗದು. ಹಾಗಾಗಿ ಹಳೇ ಖಾತೆ, ಮನೆಯವರ ಖಾತೆ, ಪ್ರಿಂಟ್ ತೆಗೆದಿಟ್ಟ ಹಾಳೆ, ಎಲ್ಲ ಕಡೆ ಹುಡುಕಿ.

ಹೆಜ್ಜೆ 5: ರಿಪೇರಿಗೂ ಮುಂಚೆ ಫೈಲ್ ಹೊರಗೆ ತನ್ನಿ

ಇದನ್ನು ನಾಲ್ಕು ಸಲ ಓದಿ. ರಿಪೇರಿ ಆಮೇಲೆ, ಫೈಲ್ ಮೊದಲು. ಇದಕ್ಕೆ ದುಡ್ಡು ಕೊಡುವ ಸಾಫ್ಟ್‌ವೇರ್ ಬೇಡ, ನೋಟ್‌ಪ್ಯಾಡ್ ಸಾಕು.

ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿ. 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಕಮಾಂಡ್ ಪ್ರಾಂಪ್ಟ್' ತೆರೆಯಿರಿ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನಲ್ಲಿ 'ಓಪನ್' ಒತ್ತಿ. ಕೆಳಗೆ 'ಟೆಕ್ಸ್ಟ್ ಡಾಕ್ಯುಮೆಂಟ್ಸ್' ಅಂತ ಇರುವುದನ್ನು 'ಆಲ್ ಫೈಲ್ಸ್' ಮಾಡಿ. ಎಡಗಡೆ 'ದಿಸ್ ಪಿಸಿ' ಒತ್ತಿದರೆ ಎಲ್ಲ ಡ್ರೈವ್ ಕಾಣುತ್ತವೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಹೊರಗಿನ ಡಿಸ್ಕಿಗೆ ಹೋಗಿ ಪೇಸ್ಟ್. ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಇಲ್ಲಿ ಬರುವುದಿಲ್ಲ. ಕಿಟಕಿ ಸತ್ತ ಹಾಗೆ ನಿಲ್ಲುತ್ತದೆ. ಹೊರಗಿನ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ಆಗುತ್ತಿದೆ. ಕಾಯಿರಿ. ಒಂದೇ ಸಲಕ್ಕೆ ಎಲ್ಲ ಬೇಡ, ಒಂದೊಂದೇ ಫೋಲ್ಡರ್ ಮಾಡಿ. ಕನ್ನಡದಲ್ಲಿ ಹೆಸರಿಟ್ಟ ಫೈಲು ಚೌಕ ಚೌಕವಾಗಿ ಕಂಡರೆ ಹೆದರಬೇಡಿ, ಅದು ಇಲ್ಲಿ ಕನ್ನಡ ಫಾಂಟ್ ಇಲ್ಲದ್ದಕ್ಕೆ.

ಭಾವನ ಫೈಲುಗಳನ್ನು ಹೀಗೇ ತೆಗೆದೆವು, ಫೋನಿನಲ್ಲಿ ನಾನು ಹೇಳುತ್ತಾ ಹೋದೆ, ಅವರು ಒತ್ತುತ್ತಾ ಹೋದರು. ಮೊದಲ ಫೋಲ್ಡರ್ ಹೊರಗಿನ ಡಿಸ್ಕಿನಲ್ಲಿ ಕಂಡಾಗ ಆ ಕಡೆಯಿಂದ ಬಂದ ಉಸಿರಿನ ಸದ್ದು ಇನ್ನೂ ನೆನಪಿದೆ.

ಇಲ್ಲಿ ಮರೆಯುವಂಥವು ಕೆಲವು ಇವೆ. ಡ್ರೈವ್ ಅಕ್ಷರ ಇಲ್ಲಿ ಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಂತ ಕಾಣಬಹುದು, ಒಳಗೆ ನೋಡಿಯೇ ಖಚಿತ ಮಾಡಿಕೊಳ್ಳಿ. 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ 'ವಿಂಡೋಸ್ ಡಾಟ್ ಓಲ್ಡ್' ಒಳಗಿನ 'ಯೂಸರ್ಸ್'ನಲ್ಲಿ ಹುಡುಕಿ, ಅಪ್‌ಗ್ರೇಡ್ ಮಧ್ಯೆ ಅಲ್ಲಿಗೆ ಸರಿದಿರಬಹುದು. ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ ಸಾಮಾನ್ಯವಾಗಿ ನಿಮ್ಮ ಡಾಕ್ಯುಮೆಂಟ್ಸ್‌ನಲ್ಲಿ ಇರದೆ ಬೇರೆ ಕಡೆ ಇರುತ್ತದೆ, ಅದನ್ನು ಬೇರೆಯಾಗಿ ತೆಗೆಯಿರಿ. ಇನ್ನು ನುಡಿ. ಹಳೇ ನುಡಿ ಫೈಲುಗಳು ಯೂನಿಕೋಡ್ (ಎಲ್ಲ ಯಂತ್ರಕ್ಕೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲ. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಲಗ್ನಪತ್ರಿಕೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಹಾಗಾಗಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನಿಮ್ಮ ಕನ್ನಡ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ.

ಕಾಪಿ ಮಾಡುವಾಗ ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಅದು ಸಾಯುತ್ತಿರುವ ಡಿಸ್ಕ್. ಡೇಟಾ ರಿಕವರಿ ಬಲ್ಲವರ ಹತ್ತಿರ ಕೊಡಿ.

ಹೆಜ್ಜೆ 6: ಈಗ ರಿಪೇರಿ

ಮೊದಲು 'ಸ್ಟಾರ್ಟಪ್ ರಿಪೇರ್' ಒತ್ತಿ. ಆಗದಿದ್ದರೆ ರೀಸ್ಟಾರ್ಟ್ ಮಾಡಿ ಇನ್ನೊಂದು ಸಲ ಒತ್ತಿ, ಎರಡನೇ ಸಲಕ್ಕೆ ಆದದ್ದೂ ಉಂಟು.

ಮುಂದೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'. ಒಳಗೆ ಎರಡು ಆಯ್ಕೆ. 'ಕ್ವಾಲಿಟಿ ಅಪ್‌ಡೇಟ್' ಅಂದರೆ ತಿಂಗಳ ತಿಂಗಳ ಸಣ್ಣದು. 'ಫೀಚರ್ ಅಪ್‌ಡೇಟ್' ಅಂದರೆ ಈ ದೊಡ್ಡ ಅಪ್‌ಗ್ರೇಡ್. ನಮಗೆ ಬೇಕಾದದ್ದು ಎರಡನೆಯದು. 'ವಿಂಡೋಸ್ ಡಾಟ್ ಓಲ್ಡ್' ಇರುವವರೆಗೆ, ಅಂದರೆ ಸಾಮಾನ್ಯವಾಗಿ ಅಪ್‌ಗ್ರೇಡ್ ಆದ 10 ದಿನದೊಳಗೆ, ಇದು ಹಳೇ ವಿಂಡೋಸ್ ವಾಪಸ್ ತರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹಾಕಿದ ಪ್ರೋಗ್ರಾಮ್, ಬದಲಿಸಿದ ಸೆಟ್ಟಿಂಗ್ ಮಾತ್ರ ಹೋಗುತ್ತವೆ.

ಅದೂ ಆಗದಿದ್ದರೆ 'ಸ್ಟಾರ್ಟಪ್ ಸೆಟ್ಟಿಂಗ್ಸ್', ರೀಸ್ಟಾರ್ಟ್, ಆಮೇಲೆ 4 ಒತ್ತಿ ಸೇಫ್ ಮೋಡ್ (ತೀರಾ ಬೇಕಾದ ಡ್ರೈವರ್‌ಗಳಿಂದ ಮಾತ್ರ ಏಳುವುದು). ಸೇಫ್ ಮೋಡ್‌ನಲ್ಲಿ ಎದ್ದರೆ ವಿಂಡೋಸ್ ಚೆನ್ನಾಗಿದೆ, ಡ್ರೈವರ್ ಅಥವಾ ಆ್ಯಂಟಿವೈರಸ್ ಅಡ್ಡ ಬಂದಿದೆ. ಹೊರಗಿನ ಆ್ಯಂಟಿವೈರಸ್ ತೆಗೆಯಿರಿ, ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ, ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. 'ಸಿಸ್ಟಮ್ ರೀಸ್ಟೋರ್'ನಲ್ಲಿ ಹಳೇ ದಿನಾಂಕ ಕಂಡರೆ ಅದನ್ನೂ ನೋಡಬಹುದು.

ಹೆಜ್ಜೆ 7: ಮೂರು ಕಮಾಂಡ್

ಮತ್ತೆ ಕಮಾಂಡ್ ಪ್ರಾಂಪ್ಟ್‌ಗೆ ಬನ್ನಿ. ಹೆಸರುಗಳನ್ನು ಅಕ್ಷರ ಬಿಡಿಸಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಡ್ರೈವ್ ಅಕ್ಷರ ಬದಲಾಗಿದ್ದರೆ ಸಿ ಜಾಗದಲ್ಲಿ ಅದನ್ನು ಹಾಕಿ.

ಮೊದಲನೆಯದು ಡಿಸ್ಕ್ ತಪಾಸಣೆ: ಸಿ-ಎಚ್-ಕೆ-ಡಿ-ಎಸ್-ಕೆ, ಸ್ಪೇಸ್, ಸಿ, ಕೋಲನ್, ಸ್ಪೇಸ್, ಸ್ಲ್ಯಾಶ್, ಎಫ್. ಕರೆಂಟ್ ಹೋಗಿ ನಿಂತ ಯಂತ್ರಗಳಿಗೆ ಇದೇ ಮುಖ್ಯ ಮದ್ದು. ಬರೆಯುತ್ತಿದ್ದಾಗ ಕರೆಂಟ್ ಹೋದರೆ ಯಾವ ಫೈಲ್ ಎಲ್ಲಿದೆ ಅನ್ನೋ ಡಿಸ್ಕಿನ ಲೆಕ್ಕ ತಪ್ಪಿರುತ್ತದೆ. ಇದು ಆ ಲೆಕ್ಕ ಸರಿಮಾಡುತ್ತದೆ. ಭಾವನ ಯಂತ್ರಕ್ಕೆ ಕೆಲಸ ಮಾಡಿದ್ದೂ ಇದೇ. ತಪಾಸಣೆ ಮುಗಿದ ಮೇಲೆ ಸ್ಟಾರ್ಟಪ್ ರಿಪೇರ್ ಮತ್ತೆ ಒತ್ತಿದರು. ಯಂತ್ರ ಎರಡು ಸಲ ರೀಸ್ಟಾರ್ಟ್ ಆಯಿತು. ಹಿಂದಿನ ಆವೃತ್ತಿ ವಾಪಸ್ ತರುತ್ತಿದ್ದೇನೆ ಅನ್ನೋ ಸಾಲು ಬಂತು. ನಲವತ್ತು ನಿಮಿಷಕ್ಕೆ ವಿಂಡೋಸ್ 10ರ ಡೆಸ್ಕ್‌ಟಾಪ್, ಅದೇ ವಾಲ್‌ಪೇಪರ್.

ಎರಡನೆಯದು ಬೂಟ್ ಫೈಲುಗಳನ್ನು ಹೊಸದಾಗಿ ಬರೆಯುವುದು: ಬಿ-ಸಿ-ಡಿ-ಬಿ-ಓ-ಓ-ಟಿ, ಸ್ಪೇಸ್, ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ಆಮೇಲೆ ವಿಂಡೋಸ್ ಅನ್ನೋ ಪದ. 'ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್' ಅಂತ ಬರಬೇಕು. ಸಿ000000ಎಫ್ ಅನ್ನೋ ನಂಬರಿನ ನೀಲಿ ಪರದೆ ಕಂಡವರು ಇದನ್ನು ತಪ್ಪದೆ ಮಾಡಿ, ಆ ಪರದೆ ಬರುವುದೇ ಬೂಟ್ ಮಾಹಿತಿ ಕೆಟ್ಟಾಗ.

ಮೂರನೆಯದು ಅರ್ಧಕ್ಕೆ ನಿಂತ ಅಪ್‌ಡೇಟ್ ಕೆಲಸಗಳನ್ನು ರದ್ದು ಮಾಡುವುದು: ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಇಮೇಜ್, ಕೋಲನ್, ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್, ಅಡ್ಡಗೆರೆ, ಇಮೇಜ್, ಸ್ಪೇಸ್, ಸ್ಲ್ಯಾಶ್, ಆಮೇಲೆ ರಿವರ್ಟ್, ಪೆಂಡಿಂಗ್, ಆ್ಯಕ್ಷನ್ಸ್ ಮೂರೂ ಪದ ಸೇರಿಸಿ ಒಂದೇ ಪದವಾಗಿ. ಪ್ರತಿ ಸಲ ಬೂಟ್ ಆಗುವಾಗ ಅಪ್‌ಡೇಟ್ ಮಾಡಲು ಹೋಗಿ ಅಲ್ಲೇ ಬೀಳುವ ಯಂತ್ರಕ್ಕೆ ಇದು.

ಹೆಜ್ಜೆ 8: ಏನೂ ಆಗಲಿಲ್ಲ ಅಂದರೆ

'ರೀಸೆಟ್ ದಿಸ್ ಪಿಸಿ'ಗೆ ಹೋಗಿ 'ಕೀಪ್ ಮೈ ಫೈಲ್ಸ್' ಆರಿಸಿ. ಫೈಲ್ ಉಳಿಯುತ್ತವೆ, ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. ಒಳ್ಳೇ ಇಂಟರ್ನೆಟ್ ಇದ್ದರೆ 'ಕ್ಲೌಡ್ ಡೌನ್‌ಲೋಡ್' ವಾಸಿ, ಏಕೆಂದರೆ ಕೆಟ್ಟ ಫೈಲುಗಳ ಮೇಲೇ ಕಟ್ಟುವ ಬದಲು ಹೊಸದು ಇಳಿಯುತ್ತದೆ.

ಅದೂ ಕೈಕೊಟ್ಟರೆ ಮಾತ್ರ ಪೆನ್‌ಡ್ರೈವ್‌ನಿಂದ ಹೊಸದಾಗಿ ಇನ್‌ಸ್ಟಾಲ್. ಅಲ್ಲಿ ಡಿಸ್ಕಿನಲ್ಲಿ ಇರುವುದೆಲ್ಲ ಹೋಗುತ್ತದೆ ಅಂತಲೇ ತಿಳಿದು ಮುಂದೆ ಹೋಗಿ. ಇಂಟೆಲ್‌ನ 11ನೇ ತಲೆಮಾರು ಮತ್ತು ಆಮೇಲಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಪಟ್ಟಿ ಖಾಲಿ ಕಂಡರೆ ಡಿಸ್ಕ್ ಸತ್ತಿಲ್ಲ. ತಯಾರಕರ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, 'ಲೋಡ್ ಡ್ರೈವರ್' ಮೂಲಕ ಕೊಡಬೇಕು.

ಎದ್ದ ಮೇಲೆ

ಆ ದಿನವೇ ಮತ್ತೆ ಅಪ್‌ಗ್ರೇಡ್ ಒತ್ತಬೇಡಿ. ವಿಂಡೋಸ್ 10ಕ್ಕೇ ಮರಳಿದವರಿಗೆ ಸಮಯ ಇದೆ. ಮನೆಬಳಕೆಯವರು ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತವೆ. ಮತ್ತೆ ಅಪ್‌ಗ್ರೇಡ್ ಮಾಡುವ ಮುಂಚೆ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ, ಬಯೋಸ್ ಮತ್ತು ಡ್ರೈವರ್ ಹೊಸದು ಮಾಡಿ, ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಜಾಗ ಬಿಡಿ, ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ. 11ಕ್ಕೇ ಎದ್ದವರು 'ವಿಂಡೋಸ್ ಡಾಟ್ ಓಲ್ಡ್' ಅನ್ನು ಜಾಗದ ಆಸೆಗೆ ಅಳಿಸಬೇಡಿ. ಪ್ರಿಂಟರ್, ಸ್ಕ್ಯಾನರ್, ನುಡಿ, ಟ್ಯಾಲಿ, ಡಿಜಿಟಲ್ ಸಿಗ್ನೇಚರ್ ಟೋಕನ್ ಒಂದೊಂದೇ ತೆರೆದು ನೋಡಿ, 10 ದಿನದೊಳಗೆ.

ಭಾವ ಮುಂದಿನ ವಾರ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದರು. ಭಾನುವಾರ ಬೆಳಗ್ಗೆ ಪ್ರಿಂಟರ್ ವೈರ್ ಕಿತ್ತು ಅಪ್‌ಗ್ರೇಡ್ ಹಾಕಿದರು. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದಿತ್ತು. ಮೊದಲು ತೆರೆದು ನೋಡಿದ್ದು ಒಂದು ಹಳೇ ಲಗ್ನಪತ್ರಿಕೆ, ಅಕ್ಷರಗಳೆಲ್ಲ ಸರಿಯಾಗಿ ಕೂತಿದ್ದವು.